ಹಡಗಿಗೆ ಇಟ್ಟ ಪರಸ್ಥಾನ

ಸಮಯಪಾಲನೆಯಲ್ಲಿ ನನ್ನನ್ನು ಮೀರಿಸುವವರು ಹೊಸೂರಿನಲ್ಲಿ ಇರಲಿಲ್ಲವೆಂದು ವಿನಯಪೂರ್ವಕವಾಗಿ ನಿವೇದಿಸಿಕೊಳ್ಳುತ್ತೇನೆ. ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದಷ್ಟು ಕಾಲವೂ ಗಂಟೆ ಬಾರಿಸುವ ಮುನ್ನವೇ ತರಗತಿಯಲ್ಲಿರುತ್ತಿದ್ದೆ. ಕೃಷ್ಣಗಿರಿಗೆ ಬೆಳಗಿನ ಬಸ್ಸಿನಲ್ಲಿ ಹೋಗಬೇಕಾದರೆ, ಬಸ್ಸು ತೊಳೆಯುವ ಹೊತ್ತಿಗೇ ನಿಲ್ದಾಣದಲ್ಲಿ ಹಾಜರಾಗುತ್ತಿದ್ದೆ. ಎಂದಾದರೊಮ್ಮೆ ಜಪ ದೀರ್ಘವಾಗಿ ತಡವಾದರೂ ಚಿಂತೆಯಿರಲಿಲ್ಲ. ರಾಯಕೋಟೆ ಬಸ್ಸಿನ ಕಂಡಕ್ಟರು ನನ್ನ ಶಿಷ್ಯ. "ನಮ್ ಮೇಷ್ಟ್ರು ಬತ್ತಾವ್ರೆ, ತಡಿ ಅಣ್ಣೋ" ಎಂದು ಬಸ್ಸನ್ನೇ ಹಿಡಿದು ನಿಲ್ಲಿಸುತ್ತಿದ್ದ. ಹಡಗೂ ಅದೇ ಕುಲಕ್ಕೆ ಸೇರಿದ ವಾಹನ, ಗಾತ್ರದಲ್ಲಿ ಸ್ವಲ್ಪ ದೊಡ್ಡದು, ಅಷ್ಟೆ ಎಂದು ನಾನು ಭಾವಿಸಿದೆ.

ಇದು ನನ್ನ ಮೊದಲನೆಯ ಪ್ರಮಾದ!

ಆ ಹಡಗಿನ ಯೋಗ ನನಗೆ ಒದಗಿದ್ದು ಗುಲಾಬಿಯ ದೆಸೆಯಿಂದ. ಹೊಸೂರಿನ ಹತ್ತಿರದ ತಳಿ ಎಂಬ ಊರಿನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಪಾಲಿಹೌಸ್ ಹಾಕಿ ಗುಲಾಬಿ ಬೆಳೆಯುವ ಮುನಿಯಪ್ಪ ನನ್ನ ಬಹುಕಾಲದ ಸ್ನೇಹಿತ. ಆತನ ಪಾಲಿಹೌಸಿಗೆ ಮುಹೂರ್ತವಿಟ್ಟುಕೊಟ್ಟವನು ನಾನೇ. ಹನಿ ನೀರಾವರಿಯ ಪೈಪು ಮಾರುವ ಕಂಪನಿಯೊಂದು ಒಳ್ಳೆಯ ಬೆಳೆಗಾರನೆಂದು ಆತನಿಗೆ ಬಹುಮಾನ ಕೊಟ್ಟಿತು. ಸಿಂಗಪುರದಿಂದ ಹೊರಟು ಊರೂರು ಸುತ್ತಿಬರುವ ವಿಹಾರದ ಹಡಗಿನಲ್ಲಿ ಮನೆಯವರು ಮೂವರಿಗೆ ಸ್ಥಳ! ಆತನ ಹೆಂಡತಿ "ನಂಗೆ ಕೆರೆ ಏರಿ ಮ್ಯಾಲೆ ನಿಂತ್ರೇ ತಲೆ ತಿರುಗ್ತದೆ, ಸಮುದ್ರ ನೀನೇ ನೋಡ್ಕೊಂಡ್ ಬಾ" ಎಂದುಬಿಟ್ಟಳಂತೆ. ಮಗನಿಗೆ ಮೊಗ್ಗು ಕೊಯ್ಯುವ ಕಾಲ. ಮುನಿಯಪ್ಪ ನೇರವಾಗಿ ನಮ್ಮ ಮನೆಗೆ ಬಂದ.

"ಐನೋರೆ, ನೀವೂ ಅಮ್ಮೋರೂ ಬನ್ನಿ, ಹೋಗ್ಬರಾನ."

"ಸಮುದ್ರಯಾನಕ್ಕೆ ಶಾಸ್ತ್ರದಲ್ಲಿ ನಿಷೇಧವಿದೆಯಲ್ಲಪ್ಪಾ" ಎಂದು ನಾನು ಗಂಭೀರವಾಗಿ ತಲೆಯಾಡಿಸಿದೆ.

"ಆಂಜನೇಯಸ್ವಾಮಿ ಹೋಗ್ಬರ್ಲಿಲ್ವಾ?"

"ಆತ ಹಾರಿಕೊಂಡು ಹೋದ."

"ನಮ್ಗೆ ಹಾರಕ್ಕೆ ಬರಾಕಿಲ್ಲ, ಅದ್ಕೇ ಹಡಗು!"

ಇದಕ್ಕೆ ಉತ್ತರ ಹುಡುಕಲು ನಾನು ಗ್ರಂಥಗಳ ಕಪಾಟಿನತ್ತ ಎದ್ದೆ. ನನ್ನ ಪತ್ನಿ ಶಾರದಮ್ಮ ಒಳಗಿನಿಂದಲೇ, "ಬಂದ್ಮೇಲೆ ಪ್ರಾಯಶ್ಚಿತ್ತ ಮಾಡ್ಕೊಂಡ್ರಾಯ್ತು, ಮೊದ್ಲು ಹ್ಞೂಂ ಅನ್ನಿ" ಎಂದಳು. ಅಂದೆ.

ಹಡಗು ಪೆನಾಂಗ್ ಬಂದರನ್ನು ಮುಟ್ಟಿದ್ದು ಒಂದು ಮಂಗಳವಾರ. ಮೇಲಾಗಿ ಕೃತ್ತಿಕಾ ನಕ್ಷತ್ರ! ಊರಿನ ಅಂಚಿನ ಬೆಟ್ಟದ ಮೇಲೆ ತಮಿಳರು ಕಟ್ಟಿಸಿದ ಸುಬ್ರಹ್ಮಣ್ಯನ ಗುಡಿಯಿದೆ, ಕೃತ್ತಿಕೆಯಾದ್ದರಿಂದ ಅಂದು ಮಧ್ಯಾಹ್ನವೂ ಬಾಗಿಲು ತೆರೆದಿರುತ್ತದೆ ಎಂದು ಕೇಳಿದ ಮೇಲೆ ನನ್ನನ್ನು ಹಿಡಿದು ನಿಲ್ಲಿಸುವವರುಂಟೆ? ಶಾರದಮ್ಮನಿಗೆ ಮಂಡಿನೋವು. ಮೆಟ್ಟಿಲುಗಳ ಸುದ್ದಿ ಕೇಳಿಯೇ ಹಡಗಿನಲ್ಲಿ ಉಳಿದಳು. ಹೊರಡುವಾಗ ನನ್ನ ಶಲ್ಯದ ತುದಿ ಹಿಡಿದುಕೊಂಡಳು.

"ಐದು ಗಂಟೆಗೆ ಏಣಿ ತೆಗೆದ್ಬಿಡ್ತಾರಂತೆ ರೀ. ಯಾರಿಗೂ ಕಾಯಲ್ವಂತೆ. ನೀವು ಬರ್ದೆ ಇದು ಹೊರಟ್ಬಿಟ್ರೆ, ಈ ನೀರಿನ ಮಧ್ಯೆ ನಾನೊಬ್ಳೇ ಏನ್ ಮಾಡ್ಲಿ?"

"ಶಾರದಾ, ನಾನು ಎಂದಾದರೂ ತಡಮಾಡಿದ್ದುಂಟೆ?"

"ನಿಮಗೋಸ್ಕರ ಬಸ್ಸು ತಡಮಾಡ್ತಿತ್ತು. ಈ ಹಡಗಿನೋರು ನಿಮ್ ಶಿಷ್ಯರಲ್ಲ."

ನಾನು ಮಂದಹಾಸ ಬೀರಿ ಇಳಿದೆ.

ಊರು ನೋಡಿ, ಮೊಸರನ್ನ ಉಂಡು, ತಮಿಳು ಚಾಲಕನ ಟ್ಯಾಕ್ಸಿಯಲ್ಲಿ ಬೆಟ್ಟದ ಬುಡಕ್ಕೆ ಬಂದಾಗ ಮೂರು ಗಂಟೆಗೆ ಇನ್ನೂ ಸ್ವಲ್ಪ ಸಮಯವಿತ್ತು. ಅಲ್ಲೊಂದು ಹೂವಿನ ಅಂಗಡಿ. ಮುನಿಯಪ್ಪ ಅಲ್ಲಿಯೇ ಸ್ತಂಭೀಭೂತನಾದ.

"ಐನೋರೆ! ಇದು ನಮ್ ಕಡೆ ಗುಲಾಬಿ ಕಣ್ರೀ! ಕಾಂಡ ನೋಡ್ರಿ, ಮುಳ್ಳು ನೋಡ್ರಿ. ಆದ್ರೆ ಈವಮ್ಮ ಬಿಸ್ಲಲ್ಲಿಟ್ಟು ಬಾಡುಸ್ಬುಟ್ಟವ್ಳಲ್ಲಾ!"

ತವರಿನ ಮಗಳನ್ನು ಪರದೇಶದಲ್ಲಿ ಕಂಡವನಂತೆ ಆತ ಆ ಹೂಗಳನ್ನು ಎತ್ತಿ ನೆರಳಿಗಿಟ್ಟ. ಬಳಿಕ, ಕಾಂಡವನ್ನು ನೀರಿನೊಳಗೇ ಓರೆಯಾಗಿ ಕತ್ತರಿಸುವುದು ಹೇಗೆಂದು ಅಂಗಡಿಯ ವಳ್ಳಿಯಮ್ಮನಿಗೆ ತಮಿಳು, ತೆಲುಗು, ಕನ್ನಡ ಮೂರನ್ನೂ ಬೆರೆಸಿ ಬೋಧಿಸತೊಡಗಿದ. ಆಕೆಯೂ ಭಕ್ತಿಯಿಂದ ಕೇಳಿದಳು. ಆ ಹೊತ್ತಿಗೆ ನನ್ನ ತಲೆಯಲ್ಲಿ ಒಂದು ಮಿಂಚು ಹೊಳೆಯಿತು.

ಮಂಗಳವಾರ! ಮೂರರಿಂದ ನಾಲ್ಕೂವರೆಯವರೆಗೆ ರಾಹುಕಾಲ!

ದರ್ಶನ ಮುಗಿಸಿ ಹಡಗಿಗೆ ಹೊರಡುವುದು ಅದರ ನಟ್ಟನಡುವೆ. ರಾಹುಕಾಲ ಕಳೆಯಲೆಂದು ಕಾದರೆ ಹಡಗು ಸಿಕ್ಕುವುದು ಸಂಶಯ. ಆದರೆ ನಮ್ಮ ಹಿರಿಯರು ಇಂತಹ ಸಂಕಟಕ್ಕೆ ಉಪಾಯವನ್ನು ಮಾಡಿಟ್ಟೇ ಹೋಗಿದ್ದಾರೆ. ಹೊರಡುವ ಹೊತ್ತು ಚೆನ್ನಾಗಿಲ್ಲವೆಂದಾದರೆ, ಒಳ್ಳೆಯ ಹೊತ್ತಿನಲ್ಲಿಯೇ ನಮ್ಮದೊಂದು ವಸ್ತುವನ್ನು ಮುಂದಾಗಿ ಸಾಗಿಸಿ ದಾರಿಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಆರಂಭವಾದಂತೆಯೇ. ಆಮೇಲೆ ದೇಹ ಯಾವಾಗ ಹೊರಟರೂ ದೋಷವಿಲ್ಲ. ಇದೇ ಪರಸ್ಥಾನ. ಎದುರುಮನೆಯ ಜಗುಲಿಯ ಮೇಲೆ ಒರಗಿ ನಿಂತು ನನ್ನ ಛತ್ರಿ ಎಷ್ಟೋ ಯಾತ್ರೆಗಳನ್ನು ಆರಂಭಿಸಿದೆ.

ಮೂರು ಗಂಟೆಯಾಗುವ ಮುನ್ನವೇ ನಾನು ನನ್ನ ಕೈಚೀಲವನ್ನು ಪೂರ್ವಾಭಿಮುಖನಾಗಿ ನಿಂತು ಟ್ಯಾಕ್ಸಿಯ ಹಿಂದಿನ ಆಸನದ ಮೇಲೆ ಪ್ರತಿಷ್ಠಾಪಿಸಿದೆ. ನಮ್ಮ ಹಣದ ಪರ್ಸು, ಕನ್ನಡಕ, ಹಡಗು ಹತ್ತಲು ತೋರಿಸಬೇಕಾದ ಕಾರ್ಡು ಎಲ್ಲವೂ ಅದರಲ್ಲಿದ್ದವು. ಮುನಿಯಪ್ಪ ತನ್ನ ಕಾರ್ಡನ್ನು ಹಿಡಿದು ಹಿಂದೆಮುಂದೆ ನೋಡಿದ.

"ಇದು ನನ್ ಜೇಬಲ್ಲೇ ಇರ್ಲಿ ಬುಡಿ, ಐನೋರೆ."

"ವಸ್ತು ಎಷ್ಟು ಮುಖ್ಯವಾದದ್ದೋ ಪರಸ್ಥಾನ ಅಷ್ಟು ಬಲವಾದದ್ದು, ಮುನಿಯಪ್ಪ!"

ಆತನ ಕಾರ್ಡೂ ಚೀಲ ಸೇರಿತು. ಬಾಡಿಗೆಯನ್ನು ಮುಂಚಿತವಾಗಿಯೇ ಕೊಟ್ಟರೆ ಸಂಕಲ್ಪ ದೃಢವಾಗುತ್ತದೆಂದು ಅದನ್ನೂ ಕೊಟ್ಟುಬಿಟ್ಟೆ. ಚಾಲಕ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

"ಪೈ ಮಟ್ಟುಮಾ, ಅಯ್ಯಾ? ನೀಂಗ?"

ಚೀಲ ಮಾತ್ರವೇ, ನೀವು ಬರುವುದಿಲ್ಲವೇ ಎಂದು ಪಾಪ ವಿಚಾರಿಸಿದ್ದ. ಶಾಸ್ತ್ರವನ್ನೆಲ್ಲ ವಿವರಿಸಲು ಸಮಯವಿರಲಿಲ್ಲ. ಚೀಲ ಮೊದಲು, ನಾವು ಹಿಂದಿನಿಂದ ಎಂದು ನನ್ನ ಹೊಸೂರು ತಮಿಳಿನಲ್ಲಿ ಸ್ಪಷ್ಟವಾಗಿ ಘೋಷಿಸಿದೆ: "ಪೈ ಮುದಲ್ಲ. ನಾಂಗ ಪಿನ್ನಾಡಿ."

"ಕಪ್ಪಲುಕ್ಕಾ?" ಹಡಗಿಗೋ ಎಂದು ಕೇಳಿದ.

"ಕಪ್ಪಲುಕ್ಕುತ್ತಾನ್!" ಹಡಗಿಗೇ ಎಂದೆ, ಬೆರಳೆತ್ತಿ.

ಆತ ತಲೆಬಾಗಿ ನಮಸ್ಕರಿಸಿದ. ಎಂತಹ ಸಂಸ್ಕಾರವಂತ ಎಂದುಕೊಳ್ಳುತ್ತ ನಾನು ಮೆಟ್ಟಿಲೇರಿದೆ.

ಮೇಲೆ ಅರ್ಚಕರು ಕುಂಭಕೋಣದ ಕಡೆಯ ವೃದ್ಧರು. ಅರ್ಚನೆಗೆ ಸಂಕಲ್ಪ ಆರಂಭಿಸಿ, ಊರಿನಲ್ಲಿ ಹೇಳುವಂತೆಯೇ "ಭಾರತವರ್ಷೇ ಭರತಖಂಡೇ" ಎಂದರು. ನಾನು ಕೈಯೆತ್ತಿ ತಡೆದೆ. ಸಮುದ್ರ ದಾಟಿ ಬಂದು ನಿಂತಿರುವಾಗ ಭರತಖಂಡವೆಂದು ಭಗವಂತನೆದುರು ಸುಳ್ಳು ಹೇಳುವುದೇ? ಅರ್ಚಕರ ಕಣ್ಣುಗಳು ಅರಳಿದವು. ಎಷ್ಟೋ ವರ್ಷಗಳಿಂದ ಇಂತಹ ಪ್ರಶ್ನೆ ಕೇಳುವವನೊಬ್ಬ ಬಂದಾನೆಂದು ಅವರು ಕಾದಿದ್ದರಂತೆ! ಮೇರುಪರ್ವತಕ್ಕೆ ಈ ಊರು ಯಾವ ದಿಕ್ಕಿನಲ್ಲಿದೆ, ಇದು ಯಾವ ದ್ವೀಪಕ್ಕೆ ಸೇರಿದ್ದು ಎಂದು ಇಬ್ಬರೂ ಗರ್ಭಗುಡಿಯ ಹೊಸ್ತಿಲಲ್ಲಿ ವಾದಕ್ಕೆ ನಿಂತೆವು. ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿದ್ದವರೂ ಪಕ್ಷ ಕಟ್ಟಿಕೊಂಡರು.

ಮುನಿಯಪ್ಪ ಚಡಪಡಿಸಿದ. "ದೇವ್ರಿಗೆ ಗೊತ್ತಾಗಾಕಿಲ್ವಾ ಐನೋರೆ, ನಾವು ಎಲ್ಲಿದೀವಿ ಅಂತ? ಪಿನ್‌ಕೋಡ್ ಕೇಳ್ತಾನಾ? ಹಡಗು ಹೊಂಟೋಗ್ತದೆ!"

"ನಮ್ಮ ಪ್ರಯಾಣ ಆಗಲೇ ಆರಂಭವಾಗಿದೆ, ಮುನಿಯಪ್ಪ. ಶಾಂತನಾಗಿರು."

ಕಡೆಗೆ "ದೇವಸನ್ನಿಧೌ" ಎಂದಷ್ಟೇ ಹೇಳಿದರೆ ಯಾವ ಖಂಡಕ್ಕೂ ವಿರೋಧವಿಲ್ಲವೆಂದು ಒಮ್ಮತವಾಯಿತು. ಅರ್ಚನೆ ಸಾಂಗವಾಗಿ ನೆರವೇರಿತು. ಪ್ರಸಾದವನ್ನು ಕಣ್ಣಿಗೊತ್ತಿಕೊಂಡು, ಕೃತಾರ್ಥನಾಗಿ, ಒಂದೊಂದೇ ಮೆಟ್ಟಿಲಿಳಿದು ಬಂದೆ.

ಕೆಳಗೆ ಬೆಟ್ಟವಿತ್ತು, ಮರವಿತ್ತು, ಹೂವಿನ ಅಂಗಡಿಯಿತ್ತು. ಟ್ಯಾಕ್ಸಿ ಇರಲಿಲ್ಲ.

"ಅವರ್ ಅಪ್ಪವೇ ಪೋಯಿಟ್ಟಾರೇ!" ಎಂದಳು ವಳ್ಳಿಯಮ್ಮ. ನಾವು ಮೆಟ್ಟಿಲು ಹತ್ತಿದ ಕೂಡಲೇ ಆತ ಚೀಲವನ್ನು ಹಡಗಿಗೆ ಮುಟ್ಟಿಸಲು ಹೊರಟುಹೋದನಂತೆ. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ ಶಿಷ್ಯ ನನ್ನ ಜೀವಮಾನದಲ್ಲಿ ಅವನೊಬ್ಬನೇ!

ಮುನಿಯಪ್ಪ ತಲೆಯ ಮೇಲೆ ಕೈಹೊತ್ತು ಕುಳಿತ. "ನಮ್ ಪ್ರಯಾಣ ಹೊಂಟೋಯ್ತು, ಐನೋರೆ. ನಾವ್ ಉಳ್ಕಂಡ್ವಿ!"

ಕಾಸಿಲ್ಲ, ಕಾರ್ಡಿಲ್ಲ, ಕನ್ನಡಕವಿಲ್ಲ. ಹಡಗಿನಲ್ಲಿ ಶಾರದಮ್ಮ ಒಬ್ಬಳೇ. ಆಕೆಯ ಕೈಗೆ ಈಗ ಚೀಲ ಸೇರಿರುತ್ತದೆ. ಗಂಡನಿಲ್ಲದ ಚೀಲ!

ನಮ್ಮನ್ನು ಕಾಪಾಡಿದ್ದು ನನ್ನ ಶಾಸ್ತ್ರವಲ್ಲ, ಮುನಿಯಪ್ಪನ ಗುಲಾಬಿ ಪಾಠ. ವಳ್ಳಿಯಮ್ಮನ ಗಂಡ ಹಾರಗಳನ್ನು ವ್ಯಾನಿಗೆ ತುಂಬಿಕೊಂಡು ಪೇಟೆಗೆ ಹೊರಟಿದ್ದ. "ನಮ್ಮ ಹೂವಿಗೆ ಉಪಕಾರ ಮಾಡಿದವರು, ಕರೆದುಕೊಂಡು ಹೋಗಿ ಬಿಡಿ" ಎಂದು ಆಕೆ ಅಪ್ಪಣೆ ಮಾಡಿದಳು. ಮುಂದೆ ಸ್ಥಳವಿರಲಿಲ್ಲ. ನಾವಿಬ್ಬರೂ ಹಿಂದೆ, ಸೇವಂತಿಗೆಯ ಬುಟ್ಟಿಗಳ ನಡುವೆ ವಿರಾಜಮಾನರಾದೆವು.

ವ್ಯಾನು ನೇರವಾಗಿ ಹೋಗುವುದೆಂದು ಯಾರು ಹೇಳಿದರು? ದಾರಿಯಲ್ಲಿರುವ ದೇವರಿಗೆಲ್ಲ ಅದು ಹಾರ ಮುಟ್ಟಿಸಬೇಕಿತ್ತು! ಮೊದಲು ಮಾರಿಯಮ್ಮನ ಗುಡಿ. ಬಾಗಿಲವರೆಗೆ ಬಂದು ಇಳಿಯದಿದ್ದರೆ ಅಪಚಾರವಲ್ಲವೇ? ಇಳಿದು ಪ್ರದಕ್ಷಿಣೆ ಹಾಕಿ ಬಂದೆ. ಮುಂದೆ ಗಣಪತಿ. ವಿಘ್ನನಿವಾರಕನನ್ನು ಇಂತಹ ದಿನ ಬಿಡಲಾದೀತೆ? ಅಲ್ಲಿಯೂ ಇಳಿದೆ. ಮೂರನೆಯ ಗುಡಿಯ ಮುಂದೆ ಕಾಲು ಹೊರಗಿಡುವಷ್ಟರಲ್ಲಿ ಮುನಿಯಪ್ಪ ನನ್ನ ಶಲ್ಯವನ್ನು ಹಗ್ಗದಂತೆ ಸುತ್ತಿ ಹಿಡಿದ.

"ಕುಂತಲ್ಲೇ ಕೈ ಮುಗೀರಿ! ಇಳಿದ್ರೆ ಈ ಬುಟ್ಟಿ ನಿಮ್ ತಲೆ ಮ್ಯಾಲೆ ಕವುಚಾಕ್ತೀನಿ!"

ಅಷ್ಟರಲ್ಲಿ ವ್ಯಾನು ರಭಸದಿಂದ ತಿರುಗಿತು. ಬುಟ್ಟಿ ತಾನಾಗಿಯೇ ಕವುಚಿತು!

ಬಂದರಿನ ಬಾಗಿಲಿನಲ್ಲಿ ಕಾವಲುಗಾರ ಕಾರ್ಡು ಕೇಳಲಿಲ್ಲ. ನನ್ನ ಹಣೆಯ ಗಂಧವನ್ನು ಒಮ್ಮೆ ನೋಡಿ, "ಓಡಿ, ಓಡಿ" ಎಂದು ಕೈಬೀಸಿದ. ನಮ್ಮ ಚಹರೆಯ ವಿವರ ಹಡಗಿನಿಂದ ಆಗಲೇ ಬಾಗಿಲಿಗೆ ತಲುಪಿತ್ತು. ಪಂಚೆಯನ್ನು ಎತ್ತಿ ಕಟ್ಟಿ ಓಡಿದೆ. ಎದುರಿಗೆ ಹಡಗು ನಮ್ಮ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟದಂತೆ ನಿಂತಿತ್ತು. ಐದು ಆಗಿಹೋಗಿತ್ತು. ಆದರೆ ಏಣಿ ಇನ್ನೂ ಇತ್ತು!

ಏಕೆಂದರೆ ಏಣಿಯ ಕೊನೆಯ ಮೆಟ್ಟಿಲಿನ ಮೇಲೆ ಶಾರದಮ್ಮ ಕುಳಿತಿದ್ದಳು.

ತೊಡೆಯ ಮೇಲೆ ನನ್ನ ಚೀಲ. ಎದುರಿಗೆ ಬಿಳಿಯ ಉಡುಪಿನ ಅಧಿಕಾರಿಯೊಬ್ಬ ಸೊಂಟ ಬಗ್ಗಿಸಿ ಬೇಡಿಕೊಳ್ಳುತ್ತಿದ್ದಾನೆ. ಯಾವ ದೇಶದವನೋ, ಯಾವ ಭಾಷೆಯವನೋ! ಈಕೆಯ ಕನ್ನಡ ಮಾತ್ರ ಅವನಿಗೆ ಪೂರ್ತಿಯಾಗಿ ಅರ್ಥವಾಗಿತ್ತು.

"ನಮ್ಮೆಜಮಾನ್ರು ಬರೋವರೆಗೂ ನಾನು ಏಳಲ್ಲಪ್ಪ. ಎತ್ತೋದಾದ್ರೆ ಏಣಿ ಜೊತೆ ನನ್ನನ್ನೂ ಎತ್ತು!"

ಮೇಲಿನ ಅಂತಸ್ತುಗಳಲ್ಲಿ ಜನಜಂಗುಳಿ. ತಲೆತುಂಬ ಸೇವಂತಿಗೆ ಎಸಳು, ಕೊರಳಿನಲ್ಲಿ ಬುಟ್ಟಿಯಿಂದ ಬಂದು ಬಿದ್ದ ಹಾರ ಧರಿಸಿ ಓಡಿಬರುತ್ತಿದ್ದ ನನ್ನನ್ನು ಕಂಡು ಎಲ್ಲರೂ ಚಪ್ಪಾಳೆ ತಟ್ಟಿ ಜಯಘೋಷ ಮಾಡಿದರು. ನಾನು ಬಲಗೈಯೆತ್ತಿ ಆಶೀರ್ವದಿಸಿದೆ. ತಡವಾಗಿ ಓಡಿಬರುವವರನ್ನು ಹಡಗಿನ ಮೇಲಿನವರು ಹೀಗೆಯೇ ಗೇಲಿ ಮಾಡುವುದೆಂದು ಆಮೇಲೆ ತಿಳಿಯಿತು!

ಶಾರದಮ್ಮ ಎದ್ದು ನಿಂತಳು. ಕಣ್ಣುಗಳು ಕೆಂಪಾಗಿದ್ದವು.

"ಚೀಲ ಒಂದೇ ಬಂತು ರೀ" ಎಂದಳು. "ನಿಮ್ ಕನ್ನಡಕ ಬಂತು, ಕಾರ್ಡು ಬಂತು, ನೀವ್ ಬರ್ಲಿಲ್ಲ. ನಾನು ಏನಂದ್ಕೋಬೇಕು?"

ಇಷ್ಟು ವರ್ಷ ಯಾವ ಸಂದರ್ಭಕ್ಕಾದರೂ ನನ್ನ ನಾಲಗೆಯ ಮೇಲೆ ಒಂದು ಶ್ಲೋಕ ಸಿದ್ಧವಾಗಿರುತ್ತಿತ್ತು. ಅಂದು ಶ್ಲೋಕವನ್ನು ಬದಿಗಿಟ್ಟು ಕೊರಳಿನ ಹಾರವನ್ನು ತೆಗೆದು ಆಕೆಯ ಕೈಗಿಟ್ಟೆ. ಆಕೆ ನನ್ನ ತಲೆಯಿಂದ ಎಸಳುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆದಳು. ಸ್ವಲ್ಪ ಬಲವಾಗಿಯೇ ತೆಗೆದಳು. ಬಳಿಕ ಅಧಿಕಾರಿಯತ್ತ ತಿರುಗಿ, "ಇನ್ನು ಹೊರಡಪ್ಪ" ಎಂದು ಹಡಗಿಗೆ ಅನುಮತಿ ಕೊಟ್ಟಳು.

ರಾತ್ರಿಯ ಊಟದ ಹೊತ್ತಿಗೆ ನನಗೆ ಧೈರ್ಯ ಮರಳಿತು. ಪರಸ್ಥಾನದ ತತ್ತ್ವವನ್ನೂ, ಚಾಲಕನ ಅವಸರವನ್ನೂ ಸಾವಧಾನವಾಗಿ ವಿವರಿಸಿ, ಇದರಲ್ಲಿ ಶಾಸ್ತ್ರದ ದೋಷವೇನೂ ಇಲ್ಲವೆಂದು ಸಮರ್ಥಿಸಿದೆ.

"ಶಾಸ್ತ್ರ ಸರಿಯಾಗೇ ಇದೆ" ಎಂದಳು ಶಾರದಮ್ಮ, ನನ್ನ ತಟ್ಟೆಗೆ ಅನ್ನ ಬಡಿಸುತ್ತ. "ಒಳ್ಳೇ ಹೊತ್ತಲ್ಲಿ ಹೊರಟಿದ್ದು ಚೀಲ. ಅದು ಸುಖವಾಗಿ ಬಂತು. ರಾಹುಕಾಲದಲ್ಲಿ ಹೊರಟಿದ್ದು ನೀವು."

ಮುನಿಯಪ್ಪ ಎಷ್ಟು ನಕ್ಕನೆಂದರೆ, ಪಕ್ಕದ ಮೇಜಿನವರು ಹಡಗು ಅಲೆಗೆ ಸಿಕ್ಕಿತೆಂದು ಕುರ್ಚಿ ಹಿಡಿದುಕೊಂಡರು.

ಮುಂದಿನ ಬಂದರಿನಲ್ಲಿ ನಾನು ಇಳಿಯಲಿಲ್ಲ. ಇಳಿಯಲು ಬಿಡಲಿಲ್ಲ ಎಂಬುದೇ ಹೆಚ್ಚು ಸರಿ. ಶಾರದಮ್ಮ ಮಂಡಿಗೆ ಎಣ್ಣೆ ತಿಕ್ಕಿಕೊಂಡು, ಮುನಿಯಪ್ಪನ ಜೊತೆಗೆ ತಾನೇ ಊರು ನೋಡಲು ಹೊರಟಳು. ಹೋಗುವಾಗ ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಅದನ್ನೇಕೆ ಎಂದು ಕೇಳಿದೆ.

"ನಿಮ್ಮಿಬ್ರಲ್ಲಿ ಹೇಳಿದ ಹೊತ್ತಿಗೆ ವಾಪಸ್ ಬರೋದು ಇದೊಂದೇ" ಎಂದಳು.