ಮೂರು ಪ್ರಶ್ನೆ

ಪೆರುಂಗುಡಿಯ ಆ ಶಾಲೆ ಹನ್ನೊಂದನೇ ತರಗತಿಯಿಂದ ಇತಿಹಾಸವನ್ನು ತೆಗೆದುಹಾಕಿತು. ಇತಿಹಾಸದ ಮೇಷ್ಟ್ರು ಹರಿಹರ ಅದನ್ನು ನೋಟಿಸ್ ಬೋರ್ಡಿನಲ್ಲಿ ಓದಿ ತಿಳಿದರು.

ಪ್ರಿನ್ಸಿಪಾಲ್ ರತ್ನಾವತಿ ಹರಿಹರರ ಕೈಗೆ ಒಂದು ಹಾಳೆ ಕೊಟ್ಟರು. ‘ನಮಗೆ ಇತಿಹಾಸ ಬೇಡ, ಕೋಡಿಂಗ್ ಬೇಕು. ಇಂತಿ, ವಿದ್ಯಾರ್ಥಿಗಳು.’

"ಇತಿಹಾಸ ತೆಗೆದಿದ್ದಕ್ಕೆ ಪೇರೆಂಟ್ಸ್ ಗಲಾಟೆ ಮಾಡ್ತಿದಾರೆ. ನಲವತ್ತು ಸಹಿ ಹಾಕಿಸ್ಕೊಂಡು ಬನ್ನಿ. ಮಕ್ಕಳು ನಿಮ್ಮ ಮಾತು ಕೇಳ್ತಾರೆ. ತಂದ್ರೆ ನಿಮ್ಮನ್ನ ಲೈಬ್ರರಿಯಲ್ಲಾದ್ರೂ ಇಟ್ಕೋತೀವಿ."

"ತರದಿದ್ರೆ ಮೇಡಂ?"

"ಎಂಎ ಓದಿದೋರಿಗೆ ಬಿಡಿಸಿ ಹೇಳ್ಬೇಕಾ?"

ವರಾಂಡದಲ್ಲಿ ಕೋಡಿಂಗ್ ಮೇಷ್ಟ್ರು ಸಿದ್ಧಲಿಂಗೇಶ್ ಸಿಕ್ಕಿದರು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ್ದ ಅವರು ಆಗಲೇ ಸಮಾಧಾನ ಹೇಳುವಷ್ಟು ಹಳಬರಾಗಿದ್ದರು. "ಚಿಂತೀ ಮಾಡಬ್ಯಾಡ್ರಿ ಹರಿಹರ. ಲೈಬ್ರರಿಯೊಳಗ ಎಸಿ ಐತಿ. ನಮ್ಮ ಲ್ಯಾಬಿನ್ಯಾಗ ಅದೂ ಕೆಟ್ಟೈತಿ!"

ಹನ್ನೊಂದನೇ ತರಗತಿಯಲ್ಲಿ ಹಾಳೆ ಮೊದಲ ಬೆಂಚಿನಲ್ಲೇ ನಿಂತಿತು. ಯಾವ ಕಾಗದ ಸಿಕ್ಕರೂ ಮೂರು ಪ್ರಶ್ನೆ ಕೇಳಿ ಎಂದು ಹತ್ತನೇ ತರಗತಿಯಲ್ಲಿ ಈ ಮಕ್ಕಳಿಗೆ ವರ್ಷವಿಡೀ ಹೇಳಿಕೊಟ್ಟವರು ಹರಿಹರರೇ.

"ಸಾರ್, ಇದು ಯಾರ್ ಎಳುದಿನದು?" ಬರೆದವರು ಯಾರೆಂದು ವೀಕ್ಷಾ ತಮಿಳಿನಲ್ಲಿ ಕೇಳಿದಳು.

"ಯಾವಾಗ ಬರೆದದ್ದು ಸಾರ್?" ಸಂತೋಷ್ ಇಣುಕಿದ. "ಮೇ ಇಪ್ಪತ್ತು ಅಂತಿದೆ. ಆವಾಗ ನಮಗೆ ರಜೆ ಅಲ್ವಾ?"

"ಲಾಭ ಯಾರಿಗೆ ಸಾರ್?" ಹಿಂದಿನ ಬೆಂಚು ಒಟ್ಟಾಗಿ ಕೂಗಿತು.

ಹರಿಹರ ಇಡ್ಲಿ ಪಾತ್ರೆಯ ಮುಚ್ಚಳದಂತೆ ಬೆವರಿದರು. ಪರೀಕ್ಷೆಯಲ್ಲಿ ಈ ಪುಣ್ಯಾತ್ಮರು ಒಮ್ಮೆಯೂ ಇಷ್ಟು ಚೆನ್ನಾಗಿ ಬರೆದಿರಲಿಲ್ಲ.

"ಸಹಿ ಹಾಕ್ರಪ್ಪಾ..."

"ಹಾಕಲ್ಲ ಸಾರ್."

ಬಾಗಿಲಲ್ಲಿ ಚಪ್ಪಾಳೆ ಕೇಳಿಸಿತು. ರತ್ನಾವತಿ! ಹರಿಹರ ಕಣ್ಣು ಮುಚ್ಚಿಕೊಂಡರು.

"ಅಬ್ಬಾ, ಎಂಥ ಲಾಜಿಕ್! ಒಂದೇ ದಿನ ಕೋಡಿಂಗ್ ಕ್ಲಾಸಿಗೆ ಹೋಗಿ ಮಕ್ಕಳು ಹೀಗೆ ತಯಾರಾದ್ರಲ್ಲ! ಸಹಿ ಗಿಹಿ ಬಿಡಿ, ಪೇರೆಂಟ್ಸಿಗೆ ಇದನ್ನೇ ತೋರಿಸೋಣ. ಸಿದ್ಧಲಿಂಗೇಶ್ ಅವರಿಗೆ ಶ್ರೇಷ್ಠ ಶಿಕ್ಷಕ ಪ್ರಶಸ್ತಿ!"

"ಮೇಡಂ, ಅದು ನಾನು..."

"ಹೌದು, ನೀವೇ. ಪ್ರಶಸ್ತಿ ಪತ್ರ ನೀವೇ ಬರೀಬೇಕು. ಆರ್ಟ್ಸ್ ಓದಿದೋರು, ಭಾಷೆ ಚೆನ್ನಾಗಿರತ್ತೆ. ಕೆಳಗೆ ‘ಇಂತಿ, ವಿದ್ಯಾರ್ಥಿಗಳು’ ಅಂತ ಹಾಕಿ. ಬರೆದ್ರೆ ಲೈಬ್ರರಿ ನಿಮ್ಮದು."

ಹರಿಹರ ಪೆನ್ನಿನ ಕ್ಯಾಪ್ ತೆಗೆದರು. ಮೊದಲ ಬೆಂಚಿನಲ್ಲಿ ವೀಕ್ಷಾ ಸದ್ದಿಲ್ಲದೆ ಬೆರಳೆತ್ತಿದಳು. ಒಂದು. ಎರಡು. ಮೂರು.

ಹರಿಹರ ಕ್ಯಾಪ್ ಮುಚ್ಚಿದರು.

"ಬರೆಯಲ್ಲ ಮೇಡಂ."