ರೋಹಿಣಿ ಮಳೆಗೆ ಕಾದ ಗೇಮಿಂಗ್ ಚಾನೆಲ್

ಟೆಕ್ಸಸ್‌ನಲ್ಲಿ ಕೆಲವರಿಗೆ ಗ್ರೀನ್ ಕಾರ್ಡ್ ಬರುತ್ತದೆ, ಕೆಲವರಿಗೆ ಮೂಲೆ ಸೈಟಿನ ಮನೆ ಸಿಗುತ್ತದೆ, ನನಗೆ ಮಾತ್ರ ಇಂಥ ಪ್ರಸಂಗಗಳೇ ಗಂಟುಬೀಳುತ್ತವೆ. ಗೇಮಿಂಗ್ ಚಾನೆಲ್ ಶುರು ಮಾಡಿದ ಮೇಲಂತೂ ಅವಕ್ಕೆ ರಜೆಯೇ ಇಲ್ಲ. ತಪ್ಪು ನನ್ನದಲ್ಲ. ನಾಗಮಂಗಲದ ಕಡೆಯ ನಮ್ಮ ಹಳ್ಳಿಯಲ್ಲಿ ಬುಗುರಿ, ಚಿನ್ನಿದಾಂಡು, ಕಬಡ್ಡಿ, ಯಾವುದರಲ್ಲೂ ನನ್ನನ್ನು ಸೋಲಿಸುವವನು ಹುಟ್ಟಿರಲಿಲ್ಲ. ಅಂಥವನು ಆಡುವುದನ್ನು ನೋಡುವ ಯೋಗ್ಯತೆ ಈ ಜನಕ್ಕಿಲ್ಲ ಅಂದರೆ ನಾನೇನು ಮಾಡಲಿ?

ಮುಯ್ಯಿ

ಚಾನೆಲ್ ಶುರು ಮಾಡಿದ ಸುದ್ದಿಯನ್ನು ನಾನು ಮೊದಲು ಹೊರಹಾಕಿದ್ದು ಕಾಪೆಲ್‌ನಲ್ಲಿ, ಒಬ್ಬ ಡಾಕ್ಟರ್ ಅಂಕಲ್ ಮನೆಯ ಗಣೇಶನ ಹಬ್ಬದ ಊಟದಲ್ಲಿ. ಎಲ್ಲರೂ ಎಲೆ ಬಿಟ್ಟೆದ್ದು ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದೆ. ಅಂಕಲ್ ಸಾರು ಕಲಸುತ್ತಲೇ, ತಮ್ಮದೂ ಒಂದಿದೆ, ಯೋಗದ್ದು, ನೋಡು ಅಂದರು. ಉಡುಪಿಯ ಆಂಟಿಯೊಬ್ಬರದು ಅಡುಗೆಯ ಚಾನೆಲ್. ಅವರ ಯಜಮಾನರದು ಹಿತ್ತಲ ತೋಟದ್ದು. ಎದುರಿಗಿದ್ದ ಗಂಡ ಹೆಂಡತಿಯದು ಮಾರಾಟಕ್ಕಿರುವ ಮನೆಗಳೊಳಗೆ ಓಡಾಡಿ ತೋರಿಸುವ ಚಾನೆಲ್. ಪೂಜೆ ಮಾಡಿಸಿದ ಪುರೋಹಿತರದೂ ಒಂದಿತ್ತು. ಕೊನೆಗೆ ರೇಗಿ, ಚಾನೆಲ್ ಇಲ್ಲದವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಮೂಲೆಯಲ್ಲಿದ್ದ ಮೈಸೂರಿನ ಅಜ್ಜಿಯೊಬ್ಬರು ಕೈ ಎತ್ತಿದರು. ಅವರದು ಮುಂದಿನ ವಾರ ಶುರುವಂತೆ, ರಂಗೋಲಿಯದ್ದು.

ಆದರೂ ಎಲ್ಲರೂ ಅಲ್ಲೇ ಫೋನ್ ತೆಗೆದು ನನ್ನ ಚಾನೆಲ್‌ಗೆ ಸೇರಿಕೊಂಡರು. ಅದು ಪ್ರೀತಿಯಲ್ಲ, ಮದುವೆ ಮನೆಯ ಮುಯ್ಯಿ ಎಂದು ತಿಳಿದದ್ದು ಕಾರಿಗೆ ಬಂದ ಮೇಲೆ. ನಾನು ಬೆಲ್ಟ್ ಹಾಕಿಕೊಳ್ಳುವಷ್ಟರಲ್ಲಿ ಒಂದರ ಹಿಂದೊಂದು ಮೆಸೇಜ್: ನಿಮ್ಮದಕ್ಕೆ ಮಾಡಿದ್ದೇವೆ, ನಮ್ಮದಕ್ಕೂ ಮಾಡಿ. ಮಾಡಿದೆ. ಈಗ ನನ್ನ ಫೋನ್ ತೆರೆದರೆ ಬಿಸಿಬೇಳೆಬಾತು, ಶೀರ್ಷಾಸನ, ಬಚ್ಚಲುಮನೆಯ ಟೈಲ್ಸು. ನನ್ನ ವೀಡಿಯೋಗೂ ಲೈಕ್ ಬರುತ್ತವೆ, ಹಾಕಿದ ಕ್ಷಣವೇ ಬರುತ್ತವೆ. ನೋಡಿದವರು ಯಾರೂ ಇಲ್ಲ. ಲೈಕ್ ಒತ್ತಬೇಕಾದರೆ ನೋಡಲೇಬೇಕು ಎಂಬ ಕಾನೂನು ಟೆಕ್ಸಸ್‌ನಲ್ಲಿ ಇನ್ನೂ ಬಂದಿಲ್ಲ.

ಭಾವನ ಷರತ್ತು

ನಾನಿರುವುದು ಫ್ರಿಸ್ಕೋದಲ್ಲಿ, ಅಕ್ಕನ ಮನೆಯ ಮಹಡಿ ಮೇಲಿನ ರೂಮಿನಲ್ಲಿ. ಹಗಲು ಆಫೀಸು, ಸಂಜೆ ಗೇಮು. ಒಂದು ದಿನ ಭಾವ ಬಂದು ಹಿಂದೆ ನಿಂತು, ಜನ ಎಲ್ಲಿಯವರೆಗೆ ನೋಡುತ್ತಾರೆಂದು ತೋರಿಸುವ ಗೆರೆ ನೋಡಿದರು. ಆ ಗೆರೆ ನನ್ನ "ನಮಸ್ಕಾರ" ಮುಗಿಯುವ ಮೊದಲೇ ಬಾವಿಗೆ ಬಿದ್ದಿತ್ತು.

ಭಾವ ಸಿಟ್ಟು ಮಾಡಲಿಲ್ಲ. "ಗುರುತು ಪರಿಚಯ ಇಲ್ಲದ ಒಬ್ಬನೇ ಒಬ್ಬ ಕೊನೇವರೆಗೆ ನೋಡ್ಲಿ ಸಾಕು. ದೀಪಾವಳಿಯೊಳಗೆ ಸಿಕ್ಲಿಲ್ಲ ಅಂದ್ರೆ ಈ ರೂಮಲ್ಲಿ ನನ್ನ ಟ್ರೆಡ್‌ಮಿಲ್ ಇಡ್ತೀನಿ" ಅಂದರು.

ಒಬ್ಬನಾ, ಒಂದು ಊರನ್ನೇ ತರುತ್ತೇನೆ ಎಂದೆ. ಅವರು ಕೆಳಗೆ ಹೋಗಿ ಟೇಪ್ ತಂದು ರೂಮಿನ ಅಳತೆ ತೆಗೆದುಕೊಂಡರು.

ಮಳೆ ನೋಡಿ ಬಿತ್ತನೆ

ಗುಂಡು ಹಾರಿಸುವ ಗೇಮ್ ಆಡುವವರು ಜಗತ್ತಿನ ತುಂಬ ಇದ್ದಾರೆ. ಆ ಜಾತ್ರೆಯಲ್ಲಿ ನನ್ನ ಕೂಗು ಯಾರಿಗೆ ಕೇಳಬೇಕು? ಅದಕ್ಕೇ ನಾನು ಬೇಸಾಯದ ಗೇಮ್ ಹಿಡಿದೆ. ಟ್ರ್ಯಾಕ್ಟರ್ ಹೊಡೆಯುವುದು, ಬಿತ್ತುವುದು, ಕೊಯ್ಯುವುದು. ಇದನ್ನು ಆಡುವ ಬಿಳಿ ಹುಡುಗರಲ್ಲಿ ಒಬ್ಬನಾದರೂ ಮಣ್ಣು ಮುಟ್ಟಿದ ಮುಖದವನಲ್ಲ. ನಾನು ಸಗಣಿ ಬಾಚಿ ಬೆಳೆದವನು. ಗೆಲುವು ನನ್ನದೇ ಎಂದು ಅದರ ಮೊದಲ ವೀಡಿಯೋದಲ್ಲೇ ಘೋಷಿಸಿದೆ.

ಗೇಮು, ಈಗ ಬಿತ್ತನೆ ಮಾಡು ಎಂದು ತೋರಿಸಿತು. ನಾನು ಒಪ್ಪಲಿಲ್ಲ. ರೋಹಿಣಿ ಮಳೆ ಬೀಳದೆ ಬಿತ್ತುವುದು ಯಾವ ಸೀಮೆ ಬೇಸಾಯ? ಟ್ರ್ಯಾಕ್ಟರ್ ಬದುವಿನ ಪಕ್ಕ ನಿಲ್ಲಿಸಿ, ಮಳೆ ನಕ್ಷತ್ರಗಳ ವಿಚಾರವನ್ನು ಅಶ್ವಿನಿಯಿಂದ ಹಿಡಿದು ವಿವರವಾಗಿ ಹೇಳಿದೆ. ನಾನು ಆರಿದ್ರಾ ಮಳೆಗೆ ಬರುವಷ್ಟರಲ್ಲಿ ಗೇಮಿನಲ್ಲಿ ಹಿಮ ಬಿದ್ದಿತು. ಆಮೇಲೆ ಬಿತ್ತಿದ್ದು ಹುಟ್ಟಲಿಲ್ಲ. ಬೀಜದ ದೋಷ ಎಂದು ಹೇಳಿ ವೀಡಿಯೋ ಮುಗಿಸಿದೆ.

ಆಫೀಸಿನ ಪಂಜಾಬಿ ಗೆಳೆಯನಿಗೆ ಬಲವಂತವಾಗಿ ತೋರಿಸಿದೆ. ಅವನ ಮನೆಯವರು ನಿಜವಾದ ಗೋಧಿ ಬೆಳೆಯುವವರು. ಕನ್ನಡ ಒಂದಕ್ಷರ ಬಾರದಿದ್ದರೂ ಗಲ್ಲಕ್ಕೆ ಕೈಕೊಟ್ಟು ನೋಡಿದ. ಬಹಳ ಹೊತ್ತಿನ ಮೇಲೆ ದೈನ್ಯದಿಂದ, "ಭಾಯ್, ಟ್ರ್ಯಾಕ್ಟರ್ ತೋ ಚಲಾ" ಅಂದ. ಟ್ರ್ಯಾಕ್ಟರನ್ನಾದರೂ ಓಡಿಸೋ ಮಾರಾಯ ಅಂತ.

ಬಾಯಿ ತೆರೆದ ಫೋಟೋ

ಆಸ್ಟಿನ್‌ನಲ್ಲಿ ವೀಡಿಯೋ ಮಾಡುವವರ ಕೂಟ ಒಂದು ಶನಿವಾರ ಇತ್ತು. ಹೋದೆ. ಅಲ್ಲಿ ಚಾನೆಲ್ ಬೆಳೆಸುವ ವಿದ್ಯೆ ಹೇಳಿಕೊಡುವವನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ವೀಡಿಯೋ ತೆರೆಯುವ ಮೊದಲು ಕಾಣುವ ಚಿತ್ರದಲ್ಲಿ ಟ್ರ್ಯಾಕ್ಟರ್ ಬೇಡ, ನಿನ್ನ ಮುಖ ಹಾಕು, ಬಾಯಿ ಪೂರ್ತಿ ತೆರೆದಿರಬೇಕು, ಪ್ರಪಂಚವೆಲ್ಲ ಹಾಗೇ ಹಾಕುತ್ತದೆ ಎಂದ. ಅವನಿಗೆಷ್ಟು ಜನ ನೋಡುಗರು ಎಂದು ಕೇಳಿದೆ. ತಾನು ಕಲಿಸುವವನು, ಮಾಡುವವನಲ್ಲ ಎಂದ. ಕೂಟದ ತುಂಬ ಇದ್ದವರು ಕಲಿಸುವವರೇ. ಕಲಿಯಲು ಬಂದವನು ನಾನೊಬ್ಬನೇ ಎಂದು ಕಾಣುತ್ತದೆ, ಎಲ್ಲರೂ ನನಗೇ ಕಾರ್ಡ್ ಕೊಟ್ಟರು.

ಆದರೂ ಬಾಯಿ ತೆರೆದು ಫೋಟೋ ಹಾಕಿದೆ. ಮೊದಲ ಬಾರಿಗೆ ನನ್ನ ವೀಡಿಯೋ ಕೆಳಗೆ ಉದ್ದದ ಕಾಮೆಂಟ್ ಬಂತು. ಎದೆ ಉಬ್ಬಿಸಿಕೊಂಡು ತೆರೆದೆ. ಪ್ಲೇನೋದ ಹಲ್ಲಿನ ಡಾಕ್ಟರ್ ಆಂಟಿಯೊಬ್ಬರು ಬರೆದಿದ್ದರು: ಎಡಗಡೆ ದವಡೆಯ ಹಲ್ಲು ಹುಳುಕಾಗಿದೆಯಪ್ಪ, ತಡ ಮಾಡಬೇಡ. ಗೇಮಿನ ಬಗ್ಗೆ ಒಂದು ಮಾತಿಲ್ಲ. ಮಿಕ್ಕವರೆಲ್ಲ ಅದಕ್ಕೇ ಲೈಕ್ ಒತ್ತಿದ್ದರು.

ಕೇಟಿಯ ಅಭಿಮಾನಿ

ದೀಪಾವಳಿ ಹತ್ತಿರ ಬಂದಾಗ ಅದು ನಡೆಯಿತು. ಯಾರೋ ಒಬ್ಬರು ನನ್ನ ವೀಡಿಯೋಗಳನ್ನು ಮೊದಲಿಂದ ಕೊನೆವರೆಗೆ ನೋಡತೊಡಗಿದರು. ಹಳೆಯವು, ಹೊಸವು, ಹಿಮ ಬಿದ್ದದ್ದು, ಹಸು ಕೊಳಕ್ಕೆ ಬಿದ್ದದ್ದು, ಎಲ್ಲ. ಪ್ರತಿಯೊಂದರ ಕೆಳಗೂ ಒಂದೇ ಸಾಲು: "ಮುಂದಿಂದು ಯಾವಾಗ್ರಿ?" ನಮ್ಮ ಯಾವ ಗುಂಪಿನಲ್ಲೂ ಆ ಹೆಸರಿಲ್ಲ. ಅಪ್ಪಟ ಅಪರಿಚಿತ. ಫೋನನ್ನು ಭಾವನ ಮೂಗಿಗೆ ಹಿಡಿದೆ. ಅವರು ಎರಡೆರಡು ಸಲ ನೋಡಿ, ಮೊದಲು ಆ ಪ್ರಾಣಿ ನಿಜವಾಗಿ ಇದೆಯೋ ಇಲ್ಲವೋ ಕಣ್ಣಾರೆ ನೋಡಿಕೊಂಡು ಬಾ ಅಂದರು.

ಉತ್ತರ ಬರೆದು ವಿಚಾರಿಸಿದೆ. ಹ್ಯೂಸ್ಟನ್ ಪಕ್ಕದ ಕೇಟಿ ಎಂಬ ಊರಿನಲ್ಲಿ ಮನೆ, ಧಾರವಾಡದವರು, ಯಜಮಾನರು ತೈಲ ಕಂಪನಿಯ ಎಂಜಿನಿಯರ್. ಊಟಕ್ಕೇ ಬರ್ರಿ ಎಂದು ಕರೆದರು. ಹೊಸ ಅಂಗಿ ತೊಟ್ಟೆ. ಮೊದಲ ಅಭಿಮಾನಿಯ ಸಂದರ್ಶನಕ್ಕೆಂದು ಮೈಕೂ ತೆಗೆದುಕೊಂಡು ಡ್ರೈವ್ ಮಾಡಿದೆ. ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಗಟ್ಟಿಯಾಗಿ ಹೇಳಿಕೊಂಡೆ. ನನ್ನ ಆಟದಲ್ಲಿ ನಿಮಗೆ ತುಂಬ ಹಿಡಿಸಿದ್ದು ಯಾವುದು, ಇತ್ಯಾದಿ.

ಬಾಗಿಲು ತೆರೆದ ಆಂಟಿ ನನ್ನನ್ನು ನೋಡಿ ಕೈ ಮುಗಿದರು. ಜೀವನದಲ್ಲಿ ಯಾರೂ ನನಗೆ ಹಾಗೆ ಮುಗಿದಿರಲಿಲ್ಲ. ತಟ್ಟೆಗೆ ಹೋಳಿಗೆ ಬಿತ್ತು, ಅದರ ಮೇಲೆ ತುಪ್ಪ ಬಿತ್ತು. ಅಭಿಮಾನಿ ಎಲ್ಲಿ ಎಂದೆ. ಹಿತ್ತಲಲ್ಲಿದ್ದಾರೆ ಎಂದು ಕರೆದುಕೊಂಡು ಹೋದರು. ಅಂಕಲ್ ಮೊಣಕಾಲ ಮೇಲೆ ಕೂತು ಬದನೆ ಗಿಡಕ್ಕೆ ಮಣ್ಣು ಏರಿಸುತ್ತಿದ್ದರು. ನಾನು ಮೈಕ್ ಆನ್ ಮಾಡಿ ಮೊದಲ ಪ್ರಶ್ನೆ ಕೇಳಿದೆ.

ಅಂಕಲ್ ಕೈ ಒರೆಸಿಕೊಂಡು ಸಾವಕಾಶ ಹೇಳಿದರು. "ನಾನೂ ಅದ ಗೇಮ್ ಆಡತಿದ್ನಿರಿ. ಶನಿವಾರ ಕುಂತ್ರ ಸೋಮವಾರನ ಏಳ್ತಿದ್ದೆ. ಇಲ್ಲಿ ಹುಲ್ಲು ಎದಿಮಟ ಬೆಳದಿತ್ತು. ನಮ್ಮಾಕಿ ಎಷ್ಟ್ ಬೈದ್ರೂ ಬಿಡಲಿಲ್ಲ. ಕಡಿಗೆ ದೊಡ್ಡ ಟೀವಿಯಾಗ ದಿನಾ ನಿಮ್ಮ ವಿಡಿಯೋ ಹಚ್ಚಾಕ ಸುರು ಮಾಡಿದ್ಳು. ಒಬ್ಬ ಮನಷಾ ಬೆಳಿ ಒಣಗಸಾಕ ಇಷ್ಟ್ ಕಷ್ಟಾ ಪಡೋದು ನೋಡಿ, ನನಗ ಆ ಗೇಮಿನ ಮ್ಯಾಲಿನ ಆಸೇನ ಸತ್ತು ಹೋತ್ರಿ."

ಹಾಗಾದರೆ "ಮುಂದಿಂದು ಯಾವಾಗ್ರಿ" ಎಂದು ಬರೆಯುತ್ತಿದ್ದುದು? ಆಂಟಿ ನಾಚಿಕೊಂಡು, ತಾನೇ ಎಂದರು. ಔಷಧಿ ನಡುವೆ ನಿಂತರೆ ರೋಗ ತಿರುಗುತ್ತದೆಂದು ಹೆದರಿಕೆಯಂತೆ.

ಮೈಕ್ ಇನ್ನೂ ಆನ್ ಇತ್ತು. ಮಾನ ಉಳಿಸಿಕೊಳ್ಳಲೇಬೇಕಲ್ಲ, ಮುಂದೆಯೂ ನನ್ನ ಚಾನೆಲ್ ನೋಡುತ್ತೀರಿ ತಾನೇ ಎಂದು ಅಂಕಲ್‌ನ ಕೇಳಿದೆ. ಅವರು ನನ್ನ ಹೆಗಲ ಮೇಲೆ ಮಣ್ಣಿನ ಕೈ ಇಟ್ಟು, "ಜ್ವರ ಬಿಟ್ಟ ಮ್ಯಾಲೆ ಯಾಕ್ರಿ?" ಎಂದರು. ಭಾವನ ಟ್ರೆಡ್‌ಮಿಲ್ ಮೆಟ್ಟಿಲು ಹತ್ತುವ ಸದ್ದು ನನಗೆ ಅಲ್ಲೇ ಕೇಳಿಸಿದಂತಾಯಿತು.

ಹೊರಟಾಗ ಆಂಟಿ ಕಾರಿನವರೆಗೆ ಬಂದು ಒಂದು ಚೀಲ ಬದನೆಕಾಯಿ ಕೊಟ್ಟರು. ನಾನು ಕಿಟಕಿ ಏರಿಸುವಷ್ಟರಲ್ಲಿ ಬಗ್ಗಿ, ದನಿ ತಗ್ಗಿಸಿ ಅಂದರು:

"ಚಾನೆಲ್ ಮಾತ್ರ ನಿಲ್ಲಸಬ್ಯಾಡ್ರಿ. ನಮ್ಮ ಗೆಳತಿ ಗಂಡಗ ಕ್ರಿಕೆಟ್ ಗೇಮಿನ ಹುಚ್ಚು ಭಾಳ ಅದ. ಅದನ್ನೂ ಒಂದ್ ವಾರ ನೀವ ಆಡಿ ಹಾಕ್ರಿ, ಪುಣ್ಯಾ ಬರ್ತದ."