ಪೈಪಿನ ಸೊಂಟದಳತೆ

ರಾಯದುರ್ಗದ ಟೈಲರ್ ರೇಣುಕಾಪ್ರಸಾದ ಮಾಸ್ಟರು ಬಟ್ಟೆ ಕೇಳಲು ಬಂದವರಿಗೆ ‘ಇನ್ನೂ ಹೊಲಿದಿಲ್ಲ’ ಎಂದು ಹೇಳಿದ್ದೇ ಇಲ್ಲ. “ಹೊಲಿದಾಗೇತ್ರಿ, ಕಾಜಾ ಒಂದೇ ಬಾಕಿ. ನಾಳೆ ಬರ್ರಿ” ಎನ್ನುತ್ತಿದ್ದರು. ಪ್ಲಂಬರ್ ತಿಪ್ಪೇಶ ಈ ಮಾತನ್ನು ಎರಡು ತಿಂಗಳಲ್ಲಿ ಹದಿನಾಲ್ಕು ಸಲ ಕೇಳಿದ್ದ. ತಂಗಿಯ ಮದುವೆಗೆಂದು ಅವನು ಕೊಟ್ಟ ಕಾಫಿ ಬಣ್ಣದ ಪ್ಯಾಂಟಿನ ಬಟ್ಟೆ ಇನ್ನೂ ಕತ್ತರಿಯ ಮುಖ ನೋಡಿರಲಿಲ್ಲ. ಮದುವೆಯೇನೋ ಹಳೆಯ ಪ್ಯಾಂಟಿನಲ್ಲೇ ಮುಗಿದುಹೋಗಿತ್ತು.

ಹೀಗಿರುವಾಗ ಮಾಸ್ಟರ ಮನೆಯ ಬೇಸಿನ್ನಿನ ನಲ್ಲಿ ಮುರಿಯಿತು. ಫೋನ್ ಮಾಡಿದರೆ ತಿಪ್ಪೇಶ ಬೆಲ್ಲದಂಥ ದನಿಯಲ್ಲಿ, “ನಾಳೆ ಬರ್ತೀನ್ರಿ ಮಾಸ್ಟ್ರೆ” ಎಂದ. ಆ ನಾಳೆಗೆ ಎಂಟು ದಿನವಾಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಹೆಂಡತಿ ಸ್ವಪ್ನಾ ಸಿಡಿಲಿನಂಥ ಸುದ್ದಿ ಕೊಟ್ಟಳು. “ಸಂಜೀಕ ಐದಕ್ಕ ನಮ್ಮವ್ವ ಬರ್ತಾಳ್ರಿ. ಬೇಸಿನ್ ಕೊಡ್ಸಿದಾಕಿನೇ ಆಕಿ. ಬಂದಾಕೀನ ಕೈ ತೊಳ್ಯಾಕ ಅಲ್ಲಿಗೇ ಹೋಗ್ತಾಳ.”

ಅತ್ತೆ ಸರ್ವಮಂಗಳಮ್ಮ ಹೋದ ಸಲ ಬಂದಾಗ ಫ್ಯಾನು ಕಟಕಟ ಅಂದದ್ದಕ್ಕೆ ಅವರ ಊರಾದ ಗುಮ್ಮಘಟ್ಟದಲ್ಲಿ ಮಾಸ್ಟರನ್ನು ಇವತ್ತಿಗೂ ‘ಫ್ಯಾನ್ ಅಳಿಯ’ ಎನ್ನುತ್ತಿದ್ದರು. ಇನ್ನು ‘ನಳದ ಅಳಿಯ’ ಆಗುವುದೊಂದು ಉಳಿದಿತ್ತು.

“ನಾನೇ ಹಾಕ್ತೀನಿ ಬಿಡು,” ಎಂದರು. “ಪ್ಯಾಂಟ್ ಹೊಲಿಯೋನಿಗೆ ಪೈಪೇನು ಮಹಾ? ಎರಡಕ್ಕೂ ಬೇಕಾಗಿದ್ದು ಅಳತಿ.”

ಕೊರಳಿನ ಟೇಪು ತೆಗೆದು ಬೇಸಿನ್ ಕೆಳಗೆ ಬಗ್ಗಿದರು. ಗೋಡೆಯಿಂದ ಹೊರಬಂದಿದ್ದ ಪೈಪಿಗೆ ಗಿರಾಕಿಯ ಸೊಂಟಕ್ಕೆ ಸುತ್ತುವಂತೆ ಟೇಪು ಸುತ್ತಿದರು. ಎರಡೂವರೆ ಇಂಚು. ಅಭ್ಯಾಸಬಲದಿಂದ ಲೂಸಿಗೆಂದು ಅರ್ಧ ಸೇರಿಸಿಕೊಂಡು ನೇರ ವಿಜಯಲಕ್ಷ್ಮಿಯ ಹಾರ್ಡ್‌ವೇರ್ ಅಂಗಡಿಗೆ ನಡೆದರು.

“ಮೂರು ಇಂಚಿಂದು ಕನೆಕ್ಷನ್ ಪೈಪ್ ಕೊಡ್ರಿ.”

“ಬೋರ್‌ವೆಲ್ಲಿಗೇನ್ರಿ?”

“ಬೇಸಿನ್ನಿಗಮ್ಮ.”

ವಿಜಯಲಕ್ಷ್ಮಿ ಅವರನ್ನು ಮೇಲಿಂದ ಕೆಳಗೆ ನೋಡಿದಳು. “ಅಷ್ಟು ದಪ್ಪನ್ನ ಪೈಪಿನಾಗ ನಿಮ್ಮ ಬೇಸಿನ್ನೇ ಇಳದು ಹೋಗ್ತೈತಿ. ಹೆಂಗ ಅಳದ್ರಿ?”

ಮಾಸ್ಟರು ಗಲ್ಲಾದ ಮೇಲಿದ್ದ ನೀರಿನ ಬಾಟಲಿಗೆ ಟೇಪು ಸುತ್ತಿ ತೋರಿಸಿದರು. ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಸಿಮೆಂಟ್ ಚೀಲಗಳ ಮೇಲೆ ಬಿದ್ದು ನಕ್ಕರು.

“ಪೈಪಿಗೆ ಸೊಂಟ ನೋಡಬಾರ್ದ್ರಿ ಮಾಸ್ಟ್ರೆ, ಬಾಯಿ ನೋಡ್ಬೇಕು. ನಿಮ್ಮದು ಅರ್ಧ ಇಂಚಿಂದು,” ಎಂದು ಅವಳು ಪೈಪು, ನಲ್ಲಿ, ಬಿಳಿ ಟೇಪಿನ ಸುರುಳಿ, ಎರಡು ರಬ್ಬರ್ ವಾಷರ್ ಗಲ್ಲಾದ ಮೇಲಿಟ್ಟಳು. “ಬೇಸಿನ್ ಹಿಂದ ಕೈ ಹೋಗಂಗಿಲ್ಲ. ನಟ್ಟು ಬಿಗಿಯಾಕ ಈ ಉದ್ದ ಕುತ್ತಿಗಿ ಪಾನಾನೂ ಒಯ್ರಿ.”

“ಪಾನಾ ನಮ್ಮ ಓಣ್ಯಾಗ ಐತಿ,” ಎಂದು ಮಾಸ್ಟರು ಮುಖ ಕೆಂಪಗೆ ಮಾಡಿಕೊಂಡು ಸಾಮಾನು ಬಾಚಿಕೊಂಡು ಹೊರಟೇಬಿಟ್ಟರು.

“ಮಾಸ್ಟ್ರೆ, ವಾಷರ್ ಇಲ್ಲೇ ಬಿಟ್ಟೀರಿ!”

ಅವರು ತಿರುಗಿ ನೋಡಲಿಲ್ಲ. ಒಂದು ಗುಂಡಿ ಇಲ್ಲದಿದ್ದರೆ ಅಂಗಿ ಮೈಮೇಲೆ ನಿಲ್ಲುವುದಿಲ್ಲವೇ?

ಓಣಿಯಲ್ಲಿ ಪಾನಾ ಇದ್ದದ್ದು ಬಸವರಾಜು ಎಂಬ ಟ್ರ್ಯಾಕ್ಟರ್ ಮಾಲೀಕನ ಬಳಿ. ಅವನ ಪಾನಾ ಒಂಟಿಯಾಗಿ ಎಲ್ಲಿಗೂ ಹೋಗುತ್ತಿರಲಿಲ್ಲ, ಮದುಮಗಳ ಹಿಂದೆ ಹೋಗುವ ಅಜ್ಜಿಯಂತೆ ಅವನೂ ಜೊತೆಗೆ ಬರುತ್ತಿದ್ದ. ಬಂದು ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುತ್ತ, “ಎಡಕ್ಕ ಅಲ್ಲೋ, ಬಲಕ್ಕ! ಬಲಕ್ಕ ಅಂದ್ರ ಊಟ ಮಾಡೋ ಕೈ!” ಎಂದು ಕೂಗತೊಡಗಿದ.

ಮೊಳದುದ್ದದ ಆ ಪಾನಾ ಬೇಸಿನ್ ಹಿಂದೆ ತಿರುಗಲು ಜಾಗವೇ ಇರಲಿಲ್ಲ. ತಿರುಗಿಸಿದಾಗೆಲ್ಲ ಗೋಡೆಗೆ ಬಡಿದು ಬಣ್ಣ ಹಪ್ಪಳದಂತೆ ಉದುರಿತು. ಕೊನೆಗೆ ಮಾಸ್ಟರು ಬಾಬಿನ್ನಿಗೆ ದಾರ ಸುತ್ತುವಂತೆ ಬಿಳಿ ಟೇಪಿನ ಇಡೀ ಸುರುಳಿಯನ್ನೇ ಸುತ್ತಿ, ಬರಿಗೈಯಲ್ಲೇ ನಟ್ಟು ಬಿಗಿದರು. ಅಷ್ಟರಲ್ಲಿ ಗಂಟೆ ಐದಾಗಿತ್ತು.

ಮಾಳಿಗೆಯ ಮೇಲಿಂದ ಸ್ವಪ್ನಾ, “ಟ್ಯಾಂಕಿನ ವಾಲ್ ಬಿಡ್ಲ್ಯಾ?” ಎಂದಳು.

“ಬಿಡು!”

ಬುಸ್ಸೆಂದು ಚಿಮ್ಮಿದ ನೀರು ನೇರ ಬಸವರಾಜುವಿನ ಎದೆಗೆ ಬಡಿಯಿತು. “ನಂದು ಮುಂಜಾನೇನ ಸ್ನಾನ ಆಗೇತಪೋ!” ಎಂದು ಅವನು ಪಾನಾವನ್ನು ಮಗುವಿನಂತೆ ಅಪ್ಪಿಕೊಂಡು ಮನೆಗೆ ಓಡಿದ.

ಅದೇ ಹೊತ್ತಿಗೆ ಬಾಗಿಲಲ್ಲಿ ಆಟೋ ನಿಂತಿತು. “ಅವ್ವ ಬಂದ್ಲು!” ಎನ್ನುತ್ತ ಸ್ವಪ್ನಾ ಕೆಳಗೆ ಓಡಿಬಂದಳು. ವಾಲ್ ಮುಚ್ಚಿದರೆ ನಲ್ಲಿಯಲ್ಲಿ ನೀರಿಲ್ಲ, ಬಿಟ್ಟರೆ ಮನೆಯೆಲ್ಲ ಕೆರೆ.

“ಬಟ್ಟಿ ಕೊಡು! ಯಾವುದಾರ ಒಂದು!” ಎಂದು ಮಾಸ್ಟರು ಬೇಸಿನ್ ಕೆಳಗಿಂದ ಒದರಿದರು.

ಗಿರಾಕಿಗಳ ಬಟ್ಟೆ ಕೊಟ್ಟರೆ ರಂಪವಾದೀತೆಂದು ಸ್ವಪ್ನಾ ಮನೆಯಲ್ಲೇ ಇದ್ದ ಹೊಲಿಗೆ ಮಿಷನ್ನಿನ ಪಕ್ಕದ ರಾಶಿಯ ತಳದಲ್ಲಿ ಎರಡು ತಿಂಗಳಿಂದ ಯಾರೂ ಮುಟ್ಟದ, ಯಾರದ್ದೂ ಅಲ್ಲದಂತೆ ಬಿದ್ದಿದ್ದ ಒಂದನ್ನು ಎಳೆದು ಕೊಟ್ಟಳು. ಕಣ್ಣಿಗೆ ನೀರು ರಾಚುತ್ತಿದ್ದುದರಿಂದ ಮಾಸ್ಟರು ಕಣ್ಮುಚ್ಚಿಯೇ ಐದು ಸುತ್ತು ಸುತ್ತಿ ಗಂಟು ಹಾಕಿದರು. ತುದಿಯನ್ನು ಬಕೆಟ್ಟಿಗೆ ಇಳಿಬಿಟ್ಟರು. ನೀರು ಸದ್ದಿಲ್ಲದೆ ಬಟ್ಟೆ ಹಿಡಿದು ಬಕೆಟ್ಟಿಗಿಳಿಯಿತು.

ಸರ್ವಮಂಗಳಮ್ಮ ಒಳಬಂದವರೇ ಬೇಸಿನ್ನಿಗೆ ನಡೆದು ನಲ್ಲಿ ತಿರುಗಿಸಿದರು. ನೀರು ಬಂತು!

“ನಿನ್ನ ಅಳಿಯಂದ್ರೇ ಹಾಕ್ಯಾರವ್ವ,” ಎಂದಳು ಸ್ವಪ್ನಾ.

ಹನ್ನೊಂದು ವರ್ಷದಲ್ಲಿ ಮೊದಲ ಸಲ ಅತ್ತೆಯ ಮುಖ ಅರಳಿತು. “ಹೌದೇನ್ರಿ ಅಳಿಯಂದ್ರ! ನಾ ಸುಮ್ನ ನಿಮ್ಮನ್ನ ಅಂತಿದ್ದೆ.” ಬಾಗಿಲ ಕಡೆ ತಿರುಗಿ ಕೂಗಿದರು: “ಏ ತಿಪ್ಪೇಶ, ಬಾ ಒಳಗ! ನಳದ ಸಲುವಾಗಿ ಮಗಳು ಮಧ್ಯಾಹ್ನ ಫೋನಿನಾಗ ಅತ್ತಳಂತ ಆಟೋ ಸ್ಟ್ಯಾಂಡಿನಾಗ ಹಿಡದು ನಿನ್ನ ಎಳಕೊಂಡು ಬಂದೆ. ನಿನ್ನ ಕೆಲಸೇ ಇಲ್ಲ ಈಗ. ಬಗ್ಗಿ ನೋಡು ನಮ್ಮ ಅಳಿಯಂದ್ರ ಕೈಚಳಕ, ಕಲಿ!”

ತಿಪ್ಪೇಶ ಚೀಲ ಕೆಳಗಿಟ್ಟು ಬಗ್ಗಿದ. ಪೈಪಿಗೆ ಸುತ್ತಿದ್ದ ಒದ್ದೆ ಬಟ್ಟೆಯ ತುದಿ ಹಿಡಿದು ನೋಡಿದ.

“ಮಾಸ್ಟ್ರೆ,” ಎಂದ ಕೆಳಗಿನಿಂದಲೇ, ಮೆಲ್ಲಗೆ. “ಕಾಜಾ ಒಂದೇ ಬಾಕಿ ಅಂದಿದ್ರಲ್ರಿ?”

ಮಾಸ್ಟರು ಆಗಲೇ ಆ ಬಟ್ಟೆಯನ್ನು ಸರಿಯಾಗಿ ನೋಡಿದ್ದು. ಕಾಫಿ ಬಣ್ಣ.

ತಿಪ್ಪೇಶ ಗಂಟು ಬಿಚ್ಚಿ, ಒಂದೊಂದೇ ಸುತ್ತು ಬಿಡಿಸಿಕೊಂಡ. ಕೊನೆಯ ಸುತ್ತು ಬಿಡುತ್ತಲೇ ನೀರು ಸರ್ವಮಂಗಳಮ್ಮನ ಇಳಕಲ್ ಸೀರೆಯ ಮೇಲೆ ಪಿಚಕಾರಿಯಾಯಿತು. ಅವನು ಬಟ್ಟೆ ಹಿಂಡಿ, ಮಡಚಿ, ಕಂಕುಳಲ್ಲಿಟ್ಟುಕೊಂಡು, ಚೀಲ ಎತ್ತಿಕೊಂಡು ಹೊಸ್ತಿಲ ಬಳಿ ತಿರುಗಿದ.

“ನಳ ಭಾಳ ಚಲೋ ಹಾಕೀರಿ ಮಾಸ್ಟ್ರೆ. ಕೆಲಸ ಆಗೇ ಹೋಗೇತಿ, ವಾಷರ್ ಒಂದೇ ಬಾಕಿ. ನಾಳೆ ಬರ್ತೀನ್ರಿ.”